ಚೆಕ್ ಕಾದಂಬರಿಕಾರ ಮಿಲನ್ ಕುಂದೇರಾ ತಮ್ಮ ಕೃತಿಗಳ ಅನುವಾದಗಳ ವಿಷಯದಲ್ಲಿ ಅಷ್ಟೊಂದು ಹಠ ಹಿಡಿದದ್ದೇಕೆ?

ಅನುವಾದವನ್ನು ಬಿಟ್ಟರೆ ಅವರಿಗೆ ಓದುಗರೇ ಉಳಿದಿರಲಿಲ್ಲ, ಅದಕ್ಕೆ. 1968ರಲ್ಲಿ ಸೋವಿಯತ್ ಸೇನೆ ಪ್ರಾಗ್‌ಗೆ ನುಗ್ಗಿದ ಮೇಲೆ ಚೆಕೊಸ್ಲೊವಾಕಿಯಾದಲ್ಲಿ ಅವರ ಪುಸ್ತಕಗಳು ನಿಷೇಧವಾದವು. 1975ರಲ್ಲಿ ಫ್ರಾನ್ಸ್‌ಗೆ ಹೋದರು, 1979ರಲ್ಲಿ ಪೌರತ್ವವೂ ಹೋಯಿತು. ಚೆಕ್ ಭಾಷೆಯಲ್ಲಿ ಬರೆಯುತ್ತಿದ್ದರು, ಆದರೆ ಓದುವವರಲ್ಲಿ ಹೆಚ್ಚಿನವರಿಗೆ ಚೆಕ್ ಬರುತ್ತಿರಲಿಲ್ಲ. ಅನುವಾದಕ ತಪ್ಪಿದರೆ ಮೂಲವನ್ನು ತೆರೆದು ನೋಡುವವರು ಯಾರು?

ಪೆಟ್ಟು ಬಿದ್ದದ್ದು 1967ರ 'ದ ಜೋಕ್' ಕಾದಂಬರಿಗೆ. 1969ರ ಇಂಗ್ಲಿಷ್ ಆವೃತ್ತಿಯಲ್ಲಿ ಅಧ್ಯಾಯಗಳ ಕ್ರಮ ಬದಲಾಗಿತ್ತು, ಜನಪದ ಸಂಗೀತದ ಕುರಿತ ಭಾಗಗಳಿಗೆ ಕತ್ತರಿ ಬಿದ್ದಿತ್ತು. ಅವರು ಪತ್ರಿಕೆಗೆ ಬರೆದು ಪ್ರತಿಭಟಿಸಿದರು. ನನ್ನ ಮಟ್ಟಿಗೆ ಫ್ರೆಂಚ್ ಆವೃತ್ತಿಯ ಕತೆ ಇದಕ್ಕಿಂತ ನೋವಿನದು. ಸಂದರ್ಶಕರೊಬ್ಬರು, ಆ ಕಾದಂಬರಿಯ ಭಾಷೆ ಅಷ್ಟು ಅಲಂಕಾರಮಯ, ಮುಂದಿನವುಗಳದ್ದು ಇಷ್ಟು ಸರಳ, ಯಾಕೆ ಬದಲಾದಿರಿ ಎಂದು ಕೇಳಿದರು. ತಾನು ಬದಲಾಗಿಲ್ಲವಲ್ಲ ಎಂದುಕೊಂಡು ಪುಸ್ತಕ ತೆರೆದರೆ, ತಾವು ಬರೆಯದ ರೂಪಕಗಳು ಸಾಲುಸಾಲಾಗಿ ಕಂಡವು! ಅಷ್ಟು ವರ್ಷ ಫ್ರೆಂಚ್ ಓದುಗರು ಮೆಚ್ಚಿಕೊಂಡಿದ್ದು ಬೇರೊಬ್ಬರ ಗದ್ಯವನ್ನು.

ಆಮೇಲೆ ಕಾದಂಬರಿ ಬರೆಯುವ ಸಮಯವನ್ನೇ ಕೊಟ್ಟು ಹಳೆಯ ಅನುವಾದಗಳನ್ನು ತಿದ್ದಿದರು. ಹಾಗೆ ಪರಿಷ್ಕರಿಸಿದ ಫ್ರೆಂಚ್ ಪಠ್ಯಗಳು ಚೆಕ್ ಮೂಲದಷ್ಟೇ ಅಧಿಕೃತವೆಂದು ಘೋಷಿಸಿದರು. ಪ್ರಾಗ್‌ನ ಲೇಖಕ ಕಾಫ್ಕಾ ಅವರ ಕೃತಿಗಳ ಅನುವಾದಗಳ ಬಗ್ಗೆಯೂ ಅವರಿಗೆ ಇದೇ ತಕರಾರು: ಲೇಖಕ ಬೇಕೆಂದೇ ಒಂದು ಪದವನ್ನು ಮರಳಿ ಮರಳಿ ಬಳಸಿದಾಗ ಅನುವಾದಕ ಪರ್ಯಾಯ ಪದ ಹಾಕಿ ಅದನ್ನು 'ಚಂದ' ಮಾಡುತ್ತಾನೆ, ಲಯ ಅಲ್ಲೇ ಸಾಯುತ್ತದೆ. ಇದನ್ನು ಅಹಂಕಾರ ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ. ದೇಶ ಕಳೆದುಕೊಂಡವನ ಕೈಯಲ್ಲಿ ಉಳಿದದ್ದು ಆ ವಾಕ್ಯಗಳಷ್ಟೇ.