ಬಿಪಿ ಮಾತ್ರೆಯ ಲೆಕ್ಕ

ಪ್ರಶ್ನೆ: ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಸಂಬಳ 20,000 ರೂಪಾಯಿ, ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಕಟ್ ಆಗುತ್ತದೆ. ಆದರೂ ಬಿಪಿ ಮಾತ್ರೆ ಅಂಗಡಿಯಲ್ಲೇ ಕೊಳ್ಳುತ್ತೇನೆ. ಜುಲೈಗೆ ಸಂಬಳ 22,000 ಆಗುತ್ತದೆ. ಖಾಸಗಿ ವಿಮೆ ಮಾಡಿಸುವಾಗ ಬಿಪಿ ವಿಷಯ ಹೇಳಲೇಬೇಕಾ?
– ಒಬ್ಬ ಓದುಗ, ಬೆಂಗಳೂರು

ಉತ್ತರ: ಮೊದಲು ನಿಮ್ಮ ಮೇಲೆ ಸಣ್ಣ ಕೋಪ! ತಿಂಗಳಿಗೆ ನಿಮ್ಮಿಂದ 150, ಮಾಲೀಕರಿಂದ 650 ರೂಪಾಯಿ ಇಎಸ್‌ಐಗೆ ಹೋಗುತ್ತಿದೆ. ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಮಾತ್ರೆ ಪುಕ್ಕಟೆ. ಕ್ಯೂ ಇರುತ್ತೆ, ನಿಜ. ಅರ್ಧ ದಿನ ರಜೆ ಹಾಕಿ ಹೋಗಿ.

ಇಎಸ್‌ಐ ಸಂಬಳದ ಮಿತಿ 21,000. ಆದರೆ ಜುಲೈನಲ್ಲಿ ಮಿತಿ ದಾಟಿದ ತಕ್ಷಣ ಸುಮ್ನೆ ಬಿಟ್ಟುಬಿಡುವುದಿಲ್ಲ. ಸೆಪ್ಟೆಂಬರ್ ಕೊನೆವರೆಗೆ ವಂತಿಗೆ ಕಟ್ಟಬೇಕು. ಹಾಗೆ ಕಟ್ಟಿದ್ದಕ್ಕೆ ಸೌಲಭ್ಯ ಮುಂದಿನ ವರ್ಷದ ಜೂನ್‌ವರೆಗೆ ಸಿಗುತ್ತದೆ.

ಇನ್ನು ಖಾಸಗಿ ವಿಮೆ. ಹೇಳಲೇಬೇಕು. ನಮ್ಮ ಭಾವ ಮುಚ್ಚಿಟ್ಟರು. "ಒಂದು ಮಾತ್ರೆ ತಾನೇ, ಅದೇನು ಕಾಯಿಲೆನಾ" ಅಂದಿದ್ದರು. ಆಮೇಲೆ ಎದೆನೋವು ಬಂದು ಆಸ್ಪತ್ರೆ ಸೇರಿದಾಗ, ಡಾಕ್ಟರು ಕೇಳಿದ್ದಕ್ಕೆ ಅವರೇ ಬಾಯಿಬಿಟ್ಟರು. ಡಿಸ್ಚಾರ್ಜ್ ಚೀಟಿಯಲ್ಲಿ "ಆರು ವರ್ಷದಿಂದ ಬಿಪಿ" ಅಂತ ಒಂದೇ ಸಾಲು. ಕ್ಲೇಮು ಅಲ್ಲಿಗೇ ನಿಂತಿತು.

ಹೇಳಿದರೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗಬಹುದು. ಬಿಪಿ ಸಂಬಂಧಿ ಖರ್ಚಿಗೆ ಕಾಯಬೇಕಾಗಬಹುದು. 2024ರ ನಿಯಮದಂತೆ ಹೆಚ್ಚೆಂದರೆ 3 ವರ್ಷ. ದಿನದ ಮಾತ್ರೆಗೆ ಮಾಮೂಲಿ ಪಾಲಿಸಿ ದುಡ್ಡು ಕೊಡುವುದಿಲ್ಲ. ಅದಕ್ಕೆ ಕಡಿಮೆ ಬೆಲೆಗೆ ಔಷಧ ಮಾರುವ ಸರ್ಕಾರಿ ಯೋಜನೆಯ ಜನೌಷಧಿ ಕೇಂದ್ರ ಇದೆಯಲ್ವಾ? ಬ್ರ್ಯಾಂಡ್ ಹೆಸರಲ್ಲ, ಔಷಧದ ಹೆಸರು ಬರೆಸಿಕೊಂಡು ಹೋಗಿ.