ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಕೆಲಸ ಸಿಕ್ಕಿದೆ, ಆಫ್ರಿಕಾ ಅಂದರೆ ಮನೆಯವರು ಹೆದರುತ್ತಾರೆ. ಹೋಗಬಹುದಾ?

ಹೋಗಬಹುದು. ಆದರೆ ನಿಮ್ಮ ಮನೆಯವರು ಹೆದರುತ್ತಿರುವ ಜಾಗ ಬೇರೆ, ನೀವು ಹೋಗುತ್ತಿರುವ ಜಾಗ ಬೇರೆ. ಎಬೋಲಾ, ನೈಜೀರಿಯಾದ ಅಪಹರಣ, ಕಾಂಗೋದ ಯುದ್ಧ, ಸೊಮಾಲಿಯಾದ ಕಡಲ್ಗಳ್ಳರು ಅಂತ ಬರೆದಿದ್ದೀರಿ. ಇದರಲ್ಲಿ ಟಾಂಜಾನಿಯಾದ ಸುದ್ದಿ ಒಂದೂ ಇಲ್ಲ. 2014ರಲ್ಲಿ ಎಬೋಲಾ ಜೋರಾಗಿ ಹಬ್ಬಿದ್ದು ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ. ಸಿಯೆರಾ ಲಿಯೋನ್‌ನ ಫ್ರೀಟೌನಿಗಿಂತ ನಮ್ಮ ಮುಂಬೈಯೇ ದಾರ್‌ಗೆ ಹತ್ತಿರ, ಅದೂ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ಹತ್ತಿರ. ಹಾಗಿದ್ದೂ ಆ ವರ್ಷ ಎಷ್ಟೋ ಪ್ರವಾಸಿಗರು ಟಾಂಜಾನಿಯಾ, ಕೀನ್ಯಾದ ಸಫಾರಿ ಕ್ಯಾನ್ಸಲ್ ಮಾಡಿಬಿಟ್ಟರು. ಯಾರಿಗೆ ಹೇಳೋಣ?

ನಾನು ದಾರ್‌ನಲ್ಲಿ ಕೆಲವು ವರ್ಷ ಒಂದು ಪೈಪ್ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಆಫ್ರಿಕಾದಲ್ಲಿ 54 ದೇಶಗಳಿವೆ. ಒಂದೊಂದು ಭಾಗ ಒಂದೊಂದು ದಿಕ್ಕಿಗೆ ಮುಖ ಮಾಡಿ ಬೆಳೆದಿದೆ. ಪೂರ್ವ ಕರಾವಳಿಯದು ನಮ್ಮ ಕಡೆಗೆ. ಚಳಿಗಾಲದ ಈಶಾನ್ಯ ಗಾಳಿ ಹಿಡಿದು ಅರೇಬಿಯಾದಿಂದ, ಗುಜರಾತಿನಿಂದ ಹಡಗುಗಳು ಬರುತ್ತಿದ್ದವು, ಗಾಳಿ ತಿರುಗುವವರೆಗೂ ಅಲ್ಲೇ ಉಳಿದು, ಆಮೇಲೆ ಚಿನ್ನ, ದಂತ ತುಂಬಿಕೊಂಡು ವಾಪಸ್ಸಾಗುತ್ತಿದ್ದವು. ಹಾಗೆ ಬಂದವರು, ಉಳಿದವರು, ಅಲ್ಲೇ ಮದುವೆಯಾದವರು, ಮೊದಲಿಂದಲೂ ಇದ್ದವರು, ಎಲ್ಲರೂ ಸೇರಿ ಆದದ್ದು ಸ್ವಾಹಿಲಿ ಕರಾವಳಿ. ದಾರ್‌ನಿಂದ ದಕ್ಷಿಣಕ್ಕೆ ಕಿಲ್ವಾ ಅಂತ ಒಂದು ದ್ವೀಪ ಇದೆ. ಮೊರಾಕೋದ ಪ್ರವಾಸಿ ಇಬ್ನ್ ಬತೂತ 1331ರಲ್ಲಿ ಅಲ್ಲಿಗೆ ಹೋಗಿ ಊರನ್ನು ಬಾಯಿತುಂಬ ಹೊಗಳಿದ್ದಾನೆ. ಹವಳದ ಕಲ್ಲಿನಲ್ಲಿ ಕಟ್ಟಿದ ಅದರ ದೊಡ್ಡ ಮಸೀದಿಯ ಕಮಾನುಗಳು ಈಗಲೂ ನಿಂತಿವೆ. 1505ರಲ್ಲಿ ಪೋರ್ಚುಗೀಸರು ಬಂದು ಆ ಊರನ್ನು ದೋಚಿದರು. ಮುಂದೆ ಒಮಾನಿನ ಸುಲ್ತಾನ ತನ್ನ ಆಸ್ಥಾನವನ್ನೇ ದಾರ್ ಎದುರಿನ ದ್ವೀಪ ಜಾಂಜಿಬಾರ್‌ಗೆ ತಂದ. ಅಲ್ಲಿನ ಲವಂಗದ ತೋಟಗಳಲ್ಲಿ ದುಡಿದವರು ಗುಲಾಮರು. ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ.

ಪಶ್ಚಿಮದ ಕಥೆ ಬೇರೆಯೇ. ಅಲ್ಲಿ ಮೊದಲು ಸಹಾರಾ ಮರುಭೂಮಿಯೇ ಹೆದ್ದಾರಿ, ಒಂಟೆಗಳ ಮೇಲೆ ಉಪ್ಪು ಬರುತ್ತಿತ್ತು, ಚಿನ್ನ ಹೋಗುತ್ತಿತ್ತು. ಮಾಲಿಯ ದೊರೆ ಮಾನ್ಸಾ ಮೂಸಾ 1324ರಲ್ಲಿ ಹಜ್‌ಗೆ ಹೊರಟವನು ಕೈರೋದಲ್ಲಿ ಎಷ್ಟು ಚಿನ್ನ ಹಂಚಿದ ಅಂದರೆ ಅಲ್ಲಿ ಚಿನ್ನದ ಬೆಲೆಯೇ ಬಿದ್ದುಹೋಯಿತು. ಆಮೇಲೆ ಯುರೋಪಿನವರು ಅಟ್ಲಾಂಟಿಕ್ ಕಡೆಯಿಂದ ಬಂದರು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಕಡೆಯಿಂದಲೇ ಹೆಚ್ಚಾಗಿ, ಸುಮಾರು 1.25 ಕೋಟಿ ಜನರನ್ನು ಗುಲಾಮರಾಗಿ ಹಡಗಿಗೆ ತುಂಬಿದರು. ಫ್ರೆಂಚರು ಬಿಟ್ಟುಹೋದ ಸಿಎಫ್‌ಎ ಫ್ರಾಂಕ್ ಅನ್ನೋ ಹಣ ಇವತ್ತಿಗೂ 14 ದೇಶಗಳಲ್ಲಿ ಓಡುತ್ತದೆ, ಅದರ ಬೆಲೆ ಯೂರೋಗೆ ಕಟ್ಟಿಹಾಕಿದ್ದು. ಸ್ವಾತಂತ್ರ್ಯ ಬಂದು ಅರವತ್ತು ವರ್ಷ ದಾಟಿದರೂ ತಮ್ಮ ಹಣದ ಬೆಲೆ ಹೊರಗೆ ನಿರ್ಧಾರವಾಗುತ್ತದೆ ಅಂದರೆ ಯಾರಿಗೆ ಸಿಟ್ಟು ಬರಲ್ಲ? 2020ರಿಂದ ಈಚೆಗೆ ಮಾಲಿ, ಬುರ್ಕಿನಾ ಫಾಸೊ, ನೈಜರ್‌ನಲ್ಲಿ ಸೇನೆ ಅಧಿಕಾರ ಹಿಡಿದಾಗ ಬೀದಿಗಿಳಿದು ಕುಣಿದವರೂ ಇದ್ದರು. ಫ್ರಾನ್ಸ್ ಮೇಲಿನ ಈ ಸಿಟ್ಟು ಅದಕ್ಕೊಂದು ಕಾರಣ, ಜಿಹಾದಿ ದಾಳಿ ತಡೆಯಲಾಗದ ಸರ್ಕಾರಗಳು ಇನ್ನೊಂದು.

ಕಾಂಗೋ ಬಗ್ಗೆ ಬರೆಯೋಕೆ ಕೂತರೆ ಮುಗಿಯೋದಿಲ್ಲ. 1885ರಿಂದ 1908ರವರೆಗೆ ಅದು ಬೆಲ್ಜಿಯಂ ದೇಶದ್ದೂ ಅಲ್ಲ, ದೊರೆ ಲಿಯೋಪೋಲ್ಡನ ಸ್ವಂತ ಆಸ್ತಿ! ರಬ್ಬರ್ ತರದಿದ್ದರೆ ಕೈ ಕತ್ತರಿಸುತ್ತಿದ್ದರು. ಈಗ ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಪ್ರಪಂಚದಲ್ಲೇ ಅತಿ ಹೆಚ್ಚು ಸಿಗೋದು ಅಲ್ಲಿ. ಯುದ್ಧ ಇರೋದು ಅದರ ಪೂರ್ವ ಅಂಚಿನಲ್ಲಿ, ಗೋಮಾ ಪಟ್ಟಣದ ಸುತ್ತಮುತ್ತ.

ಹಾಗಂತ ಪೂರ್ವ ಆಫ್ರಿಕಾ ಪೂರ್ತಿ ಶಾಂತ ಅಂದುಕೊಳ್ಳಬೇಡಿ. ಟಾಂಜಾನಿಯಾದ ಗಡಿಗೆ ಅಂಟಿಕೊಂಡಿರುವ ರುವಾಂಡಾದಲ್ಲಿ 1994ರಲ್ಲಿ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದರು. ಕೀನ್ಯಾದಲ್ಲಿ 2007ರ ಚುನಾವಣೆ ಆದಮೇಲೆ ಬುಡಕಟ್ಟುಗಳ ನಡುವೆ ಹೊಡೆದಾಟವಾಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 120ಕ್ಕೂ ಹೆಚ್ಚು ಬುಡಕಟ್ಟುಗಳಿರುವ ಟಾಂಜಾನಿಯಾದಲ್ಲಿ ಹಾಗೆ ಆಗಲಿಲ್ಲ ಯಾಕೆ? ನನ್ನ ಪ್ರಕಾರ ಅರ್ಧ ಉತ್ತರ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆ. ಅವರು ಸ್ವಾಹಿಲಿ ಭಾಷೆಯನ್ನು ಪ್ರೈಮರಿ ಶಾಲೆಯಿಂದ ಸರ್ಕಾರಿ ಕಚೇರಿಯವರೆಗೆ ತಂದರು, ಒಂದು ಮೂಲೆಯ ಹುಡುಗರನ್ನು ಇನ್ನೊಂದು ಮೂಲೆಯ ಹಾಸ್ಟೆಲ್ಲಿಗೆ ಓದೋಕೆ ಕಳಿಸಿದರು. ಸ್ವಾಹಿಲಿ ಯಾವ ದೊಡ್ಡ ಬುಡಕಟ್ಟಿನ ಸ್ವತ್ತೂ ಅಲ್ಲದಿದ್ದರಿಂದ ಯಾರೂ ಜಗಳಕ್ಕೆ ಬರಲಿಲ್ಲ.

ಆದರೆ ಅದೇ ನೈರೇರೆ ಊರೂರುಗಳನ್ನೇ ಎತ್ತಿ ಎಲ್ಲರೂ ಒಟ್ಟಾಗಿ ಬೇಸಾಯ ಮಾಡುವ 'ಉಜಮಾ' ಗ್ರಾಮಗಳಿಗೆ ಸಾಗಿಸಿದರು, ಒಲ್ಲೆ ಅಂದವರನ್ನು ಬಲವಂತವಾಗಿ. ಬೆಳೆ ಕೈಕೊಟ್ಟಿತು, ಹೊರಗಿಂದ ಧಾನ್ಯ ತರಿಸಬೇಕಾಯಿತು. 1971ರಲ್ಲಿ ಬಾಡಿಗೆ ಕಟ್ಟಡಗಳನ್ನು ಸರ್ಕಾರ ವಶಪಡಿಸಿಕೊಂಡಾಗ ಕಳೆದುಕೊಂಡವರಲ್ಲಿ ಹೆಚ್ಚಿನವರು ಭಾರತೀಯ ಮೂಲದವರು, ಎಷ್ಟೋ ಜನ ಕೆನಡಾ, ಬ್ರಿಟನ್ ಸೇರಿದರು. ಉಗಾಂಡಾದಲ್ಲಿ ಮರುವರ್ಷ ಸರ್ವಾಧಿಕಾರಿ ಇದಿ ಅಮೀನ್ ಭಾರತೀಯರನ್ನು ಓಡಿಸಿದ್ದು ಎಲ್ಲರಿಗೂ ಗೊತ್ತು, ಇದು ಅಷ್ಟಾಗಿ ಗೊತ್ತಿಲ್ಲ. ದಾರ್‌ನ ಉಪಾಂಗಾ, ಕಿಸುಟು ಕಡೆ ಈಗಲೂ ಗುಜರಾತಿ ಕೇಳಿಸುತ್ತದೆ. ನಮ್ಮವರಲ್ಲಿ ಕೆಲವರು ಸ್ಥಳೀಯರನ್ನು ಕಂಡರೆ ಮೂಗು ಮುರಿಯುತ್ತಾರೆ, ಅವರ ಸಹವಾಸ ಬೇಡ.

ಇನ್ನು ನಿಜವಾಗಿ ಯೋಚನೆ ಮಾಡಬೇಕಾದ್ದು. 2025ರ ಅಕ್ಟೋಬರ್ 29ರ ಚುನಾವಣೆ ಹೊತ್ತಿಗೆ ಮುಖ್ಯ ವಿರೋಧಿ ನಾಯಕ ಟುಂಡು ಲಿಸ್ಸು ಜೈಲಿನಲ್ಲಿದ್ದರು. ಪ್ರತಿಭಟನೆ ಎದ್ದಿತು, ಗುಂಡು ಹಾರಿತು, ದಾರ್‌ನಲ್ಲಿ ಕರ್ಫ್ಯೂ ಹಾಕಿ ಇಂಟರ್ನೆಟ್ ಬಂದ್ ಮಾಡಿದರು. ಮನೆಯವರು ಕೇಳಿದರೆ ಇದನ್ನು ಮುಚ್ಚಿಡಬೇಡಿ. ದಿನನಿತ್ಯದ ಅಪಾಯ ಅಂದರೆ ಮಲೇರಿಯಾ. ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಕೆಲವು ಸಣ್ಣಪುಟ್ಟ ವಿಷಯ. ಸ್ವಾಹಿಲಿಯಲ್ಲಿ ಗಂಟೆ ಎಣಿಸೋದು ಬೆಳಗಿನ ಆರರಿಂದ, ಹಾಗಾಗಿ ಡ್ರೈವರ್ 'ಸಾ ಮ್ಬಿಲಿ', ಅಂದರೆ ಎರಡು ಗಂಟೆಗೆ ಬರುತ್ತೇನೆ ಅಂದರೆ ಬರೋದು ಬೆಳಿಗ್ಗೆ ಎಂಟಕ್ಕೆ. ಹಿರಿಯರು ಎದುರು ಸಿಕ್ಕರೆ 'ಶಿಕಮೂ' ಅನ್ನಿ, ಅವರು 'ಮರಹಬಾ' ಅನ್ನುತ್ತಾರೆ. ವಾಚ್‌ಮನ್‌ಗೂ ವಯಸ್ಸಾಗಿದ್ದರೆ ಇದೇ ಅನ್ನಬೇಕು. ಊಟಕ್ಕೆ ಉಗಾಲಿ, ನಮ್ಮ ಮುದ್ದೆ ಥರಾನೇ, ಆದರೆ ಬಿಳಿ ಜೋಳದ ಅಲ್ಲ, ಮೆಕ್ಕೆಜೋಳದ ಹಿಟ್ಟಿಂದು. ರಾಗಿ ಬೇಕಾದರೆ ಕರಿಯಾಕೂ ಮಾರ್ಕೆಟ್ಟಿನಲ್ಲಿ 'ಉಲೇಜಿ' ಅಂತ ಕೇಳಿ, ಗಂಜಿ ಕುಡಿಯೋಕೆ ಅಂತ ಹಿಟ್ಟು ಮಾಡಿಸಿ ಇಟ್ಟಿರುತ್ತಾರೆ. ರಾಗಿಯ ತವರೇ ಇಥಿಯೋಪಿಯಾ, ಉಗಾಂಡಾದ ಎತ್ತರದ ಸೀಮೆ ಅಲ್ವಾ, ಸಾವಿರಾರು ವರ್ಷದ ಹಿಂದೆ ಅಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು.

ಟಿಕೆಟ್ ತೆಗೆಸುವ ಮುಂಚೆ ಕಂಪನಿಯವರಿಗೆ ಮೂರು ವಿಷಯ ಕೇಳಿ, ಉತ್ತರವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ. ವರ್ಕ್ ಪರ್ಮಿಟ್ ಮತ್ತು ರೆಸಿಡೆನ್ಸ್ ಪರ್ಮಿಟ್ ಖರ್ಚು ಯಾರದ್ದು? ಸಂಬಳ ಡಾಲರಿನಲ್ಲೋ, ಶಿಲ್ಲಿಂಗಿನಲ್ಲೋ? ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತದೆ? ಕೊನೆಯದಕ್ಕೆ 'ನಮ್ಮ ಆಫೀಸಿನಲ್ಲಿ' ಅಂತ ಉತ್ತರ ಬಂದರೆ ಬೇರೆ ಕೆಲಸ ಹುಡುಕಿ.