ಓದುಗರ ಪ್ರಶ್ನೆ: ನಡುಗಡಲಿನ ಶಾರ್ಕ್‌ಗಳೆಲ್ಲ ಒಂದೇ ಸಮೂಹವೇ?

ಪ್ರಶ್ನೆ: ನಡುಗಡಲಿನ ಶಾರ್ಕ್‌ಗಳು ಸಾವಿರಾರು ಕಿಲೋಮೀಟರ್ ಈಜುತ್ತವೆ, ಸಾಗರಗಳೂ ಒಂದಕ್ಕೊಂದು ಕೂಡಿಕೊಂಡೇ ಇವೆ. ಹಾಗಿರುವಾಗ ಉತ್ತರ ಅಟ್ಲಾಂಟಿಕ್ ಸಮೂಹ, ದಕ್ಷಿಣ ಅಟ್ಲಾಂಟಿಕ್ ಸಮೂಹ ಎಂದು ಬೇರೆ ಬೇರೆ ಲೆಕ್ಕ ಇಡುವುದೇಕೆ?

ಉತ್ತರ: ‘ಒಂದೇ ಸಮೂಹ’ ಎಂಬ ಮಾತಿಗೆ ಇಲ್ಲಿ ಎರಡು ಅರ್ಥಗಳಿವೆ, ಅವೆರಡನ್ನೂ ಬೆರೆಸಿದಾಗಲೇ ಗೊಂದಲ ಹುಟ್ಟುತ್ತದೆ. ಎರಡು ಸಾಗರಗಳ ನಡುವೆ ತಲೆಮಾರಿಗೆ ಬೆರಳೆಣಿಕೆಯಷ್ಟು ಶಾರ್ಕ್‌ಗಳು ದಾಟಿಹೋಗಿ ಅಲ್ಲಿ ಸಂತಾನ ಪಡೆದರೂ ಸಾಕು, ಎರಡೂ ಕಡೆಯ ಡಿಎನ್‌ಎ ಹೆಚ್ಚುಕಡಿಮೆ ಒಂದೇ ಬಗೆಯದಾಗಿ ಉಳಿಯುತ್ತದೆ. ಆದರೆ ಒಂದು ಕಡೆ ಮೀನುಗಾರಿಕೆಯಿಂದ ಸಾವಿರಾರು ಶಾರ್ಕ್‌ಗಳು ಕಡಿಮೆಯಾದರೆ ಆ ಕೊರತೆಯನ್ನು ಈ ಬೆರಳೆಣಿಕೆಯ ವಲಸಿಗರು ತುಂಬಲಾರವು. ವಂಶವಾಹಿಗಳ ಲೆಕ್ಕದಲ್ಲಿ ಒಂದಾಗಿರುವುದು ತಲೆಯೆಣಿಕೆಯ ಲೆಕ್ಕದಲ್ಲಿ ಎರಡಾಗಿರಬಹುದು, ಮತ್ತು ಮೀನುಗಾರಿಕೆಗೆ ಮಿತಿ ಹಾಕುವವರಿಗೆ ಬೇಕಾದದ್ದು ಈ ಎರಡನೆಯ ಲೆಕ್ಕ.

ನೀಲಿ ಶಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಉಷ್ಣವಲಯದಿಂದ ಸಮಶೀತೋಷ್ಣ ವಲಯದವರೆಗೆ ಎಲ್ಲ ಮಹಾಸಾಗರಗಳಲ್ಲೂ ಇರುವ ಈ ಪ್ರಭೇದ ತಂಪು ನೀರಿನಲ್ಲಿ ಮೇಲ್ಮೈಯ ಹತ್ತಿರವೇ ಅಡ್ಡಾಡುತ್ತದೆ. ಸಮಭಾಜಕದ ಬಳಿ ಮೇಲಿನ ನೀರು ಬಿಸಿಯಾಗಿರುವುದರಿಂದ ಆಳಕ್ಕೆ ಇಳಿದು ಬದುಕುತ್ತದೆ. ಹೀಗೆ ಸಮಭಾಜಕವು ಅದಕ್ಕೆ ಗೋಡೆಯಾಗುವುದಿಲ್ಲ, ಆದ್ದರಿಂದಲೇ ದೂರದೂರದ ನೀಲಿ ಶಾರ್ಕ್‌ಗಳ ನಡುವೆಯೂ ವಂಶವಾಹಿ ವ್ಯತ್ಯಾಸ ತೀರ ಅಲ್ಪ. ಇಷ್ಟಿದ್ದರೂ ಗುರುತುಪಟ್ಟಿ ಕಟ್ಟಿ ಬಿಟ್ಟ ಶಾರ್ಕ್‌ಗಳಲ್ಲಿ ಹೆಚ್ಚಿನವು ಬಿಟ್ಟ ಗೋಲಾರ್ಧದಲ್ಲೇ ಮತ್ತೆ ಸಿಕ್ಕಿವೆ. ಡಿಎನ್‌ಎ ಒಂದೇ ಆಗಿದೆ ಎಂಬ ಕಾರಣಕ್ಕೆ ಅವನ್ನೆಲ್ಲ ಒಂದೇ ಸಮೂಹವೆಂದು ಎಣಿಸುವುದು ನನ್ನ ದೃಷ್ಟಿಯಲ್ಲಿ ಅವಸರದ ತೀರ್ಮಾನ.

ಪೋರ್‌ಬೀಗಲ್ ಶಾರ್ಕ್‌ನ ಕಥೆ ಬೇರೆ. ತಣ್ಣೀರನ್ನೇ ಬಯಸುವ ಈ ಪ್ರಭೇದ ಉತ್ತರ ಅಟ್ಲಾಂಟಿಕ್‌ನಲ್ಲಿಯೂ ದಕ್ಷಿಣ ಗೋಲಾರ್ಧದ ತಂಪು ಕಡಲುಗಳಲ್ಲಿಯೂ ಇದೆ, ನಡುವಿನ ಬೆಚ್ಚನೆಯ ಪಟ್ಟಿಯಲ್ಲಿ ಇಲ್ಲ. ಎರಡು ಕಡೆಯವುಗಳ ಡಿಎನ್‌ಎಯೂ ಸ್ಪಷ್ಟವಾಗಿ ಬೇರೆಯಾಗಿದೆ. ಕಣ್ಣಿಗೆ ಕಾಣದ ಉಷ್ಣತೆಯೇ ಇಲ್ಲಿ ಬೇಲಿ.

ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸಿದ್ದು ದೊಡ್ಡ ಬಿಳಿ ಶಾರ್ಕ್. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ದಕ್ಷಿಣ ಆಫ್ರಿಕದ ಬಿಳಿ ಶಾರ್ಕ್‌ಗಳಲ್ಲಿ ಒಂದು ಬಗೆಯದಾಗಿಯೂ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ನವುಗಳಲ್ಲಿ ಇನ್ನೊಂದು ಬಗೆಯದಾಗಿಯೂ ಇದೆಯೆಂದು, ತಂದೆತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎಯಲ್ಲಿ ಅಂಥ ಭೇದವಿಲ್ಲವೆಂದು 2001ರಲ್ಲಿ ಪ್ರಕಟವಾಯಿತು. ಹೆಣ್ಣುಗಳು ಮರಿ ಹಾಕಲು ತವರಿಗೇ ಮರಳುತ್ತವೆ, ಗಂಡುಗಳು ಅಲೆಯುತ್ತವೆ ಎಂಬುದು ಆಗಿನ ವಿವರಣೆ. ಆಮೇಲೆ, 2003ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಉಪಗ್ರಹ ಟ್ಯಾಗ್ ಹಾಕಿದ ‘ನಿಕೋಲ್’ ಎಂಬ ಹೆಣ್ಣು ಶಾರ್ಕ್ ಸುಮಾರು 11,000 ಕಿಲೋಮೀಟರ್ ಈಜಿ ಪಶ್ಚಿಮ ಆಸ್ಟ್ರೇಲಿಯ ತಲುಪಿತು. ಒಂಬತ್ತು ತಿಂಗಳೊಳಗೆ ಮತ್ತೆ ದಕ್ಷಿಣ ಆಫ್ರಿಕದಲ್ಲೇ ಕಾಣಿಸಿಕೊಂಡಿತು. ಹೆಣ್ಣೂ ಸಾಗರ ದಾಟುತ್ತದೆ, ಆದರೆ ದಾಟಿದ್ದು ಅಲ್ಲಿಯೇ ನೆಲೆಸಲಿಲ್ಲ. ಇಡೀ ಜೀನೋಮನ್ನು ಪರೀಕ್ಷಿಸಿದ ಇತ್ತೀಚಿನ ಅಧ್ಯಯನವು ತವರಿನ ಸೆಳೆತವೊಂದೇ ಈ ಡಿಎನ್‌ಎ ಭೇದಕ್ಕೆ ಕಾರಣವೆನ್ನಲು ಸಾಲದೆಂದು ವಾದಿಸಿರುವುದರಿಂದ ಚರ್ಚೆ ಇನ್ನೂ ಮುಗಿದಿಲ್ಲ.

ಸಮೂಹದ ಗಡಿ ಎಲ್ಲಿ ಎಂಬುದು ಬರೀ ಪಾಂಡಿತ್ಯದ ಪ್ರಶ್ನೆಯಲ್ಲ. 1970ರಿಂದೀಚೆಗೆ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆ ಶೇ. 71ರಷ್ಟು ಕುಸಿದಿದೆ ಎಂದು 2021ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನ ಅಂದಾಜಿಸಿತು. ಉತ್ತರ ಅಟ್ಲಾಂಟಿಕ್‌ನಲ್ಲಿ ಸಿಕ್ಕಿದ ಮೇಕೊ ಶಾರ್ಕ್‌ಗಳನ್ನು ಹಡಗಿನಲ್ಲಿ ಇಟ್ಟುಕೊಳ್ಳಬಾರದೆಂದು ಅಟ್ಲಾಂಟಿಕ್ ಟ್ಯೂನಾ ಸಂರಕ್ಷಣೆಯ ಅಂತರರಾಷ್ಟ್ರೀಯ ಆಯೋಗವು ಅದೇ ವರ್ಷ ತೀರ್ಮಾನಿಸಿತು. ಬೇರೆ ಸಮೂಹವೆಂದು ಎಣಿಸಿದ ದಕ್ಷಿಣದ ಮೇಕೊಗಳಿಗೆ ಆ ನಿಷೇಧ ಅನ್ವಯಿಸಲಿಲ್ಲ.

ಪ್ರಶ್ನೆ: ಗಂಡು ಮತ್ತು ಹೆಣ್ಣು ಶಾರ್ಕ್‌ಗಳು ಬೇರೆ ಬೇರೆ ಕಡೆ ವಾಸಿಸುತ್ತವೆ ಎಂಬುದು ನಿಜವೇ?

ಉತ್ತರ: ಹಲವು ಪ್ರಭೇದಗಳಲ್ಲಿ ನಿಜ. ಉತ್ತರ ಶಾಂತಸಾಗರದ ಸ್ಯಾಮನ್ ಶಾರ್ಕ್‌ಗಳಲ್ಲಿ ಪೂರ್ವಕ್ಕೆ ಬಹುಪಾಲು ಹೆಣ್ಣುಗಳು, ಪಶ್ಚಿಮಕ್ಕೆ ಬಹುಪಾಲು ಗಂಡುಗಳು ಇರುತ್ತವೆ. ನೀಲಿ ಶಾರ್ಕ್‌ಗಳೂ ಲಿಂಗ ಮತ್ತು ಗಾತ್ರಕ್ಕೆ ತಕ್ಕಂತೆ ಬೇರ್ಪಡುತ್ತವೆ. ಹೀಗಾಗಿ ಒಂದೇ ಪ್ರದೇಶದಲ್ಲಿ ಗಾಳ ಹಾಕುವ ಹಡಗುಗಳು ತಮಗರಿವಿಲ್ಲದೆಯೇ ಬಸುರಿ ಹೆಣ್ಣುಗಳನ್ನಷ್ಟೇ ಅಥವಾ ಮರಿಗಳನ್ನಷ್ಟೇ ಬಳಿದುಕೊಂಡು ಹೋಗುವ ಅಪಾಯವಿದೆ.

ಪ್ರಶ್ನೆ: ನೀರಿನೊಳಗಿರುವ ಶಾರ್ಕ್ ಎಲ್ಲಿದೆಯೆಂದು ಉಪಗ್ರಹಕ್ಕೆ ತಿಳಿಯುವುದು ಹೇಗೆ?

ಉತ್ತರ: ರೇಡಿಯೊ ಸಂಕೇತ ಸಮುದ್ರದ ನೀರನ್ನು ದಾಟಿ ಬರಲಾರದು. ಬೆನ್ನಿನ ರೆಕ್ಕೆಗೆ ಕಟ್ಟಿದ ಟ್ಯಾಗ್, ಆ ರೆಕ್ಕೆ ನೀರಿನಿಂದ ಮೇಲೆದ್ದಾಗ ಮಾತ್ರ ಸಂಕೇತ ಕಳಿಸುತ್ತದೆ. ಮೇಲೆ ಬಾರದ ಶಾರ್ಕ್‌ಗಳಿಗೆ ಇನ್ನೊಂದು ಬಗೆಯ ಟ್ಯಾಗ್ ಇದೆ: ಅದು ಬೆಳಕು, ಆಳ, ಉಷ್ಣತೆಗಳನ್ನು ತಿಂಗಳುಗಟ್ಟಲೆ ದಾಖಲಿಸಿ, ನಿಗದಿತ ದಿನ ತಾನಾಗಿ ಕಳಚಿ ತೇಲಿಬಂದು ಮಾಹಿತಿ ರವಾನಿಸುತ್ತದೆ. ನಡುಮಧ್ಯಾಹ್ನ ಯಾವ ಗಳಿಗೆಯಲ್ಲಿ ಆಯಿತೆಂಬುದರಿಂದ ರೇಖಾಂಶವನ್ನು, ಹಗಲಿನ ಉದ್ದದಿಂದ ಅಕ್ಷಾಂಶವನ್ನು ಅಂದಾಜು ಮಾಡುತ್ತಾರೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮವಾಗುವ ದಿನಗಳ ಆಸುಪಾಸಿನಲ್ಲಿ ಈ ಉಪಾಯ ಕೈಕೊಡುತ್ತದೆ, ಏಕೆಂದರೆ ಆಗ ಭೂಮಿಯ ಎಲ್ಲೆಡೆ ಹಗಲಿನ ಉದ್ದ ಬಹುತೇಕ ಒಂದೇ ಆಗಿರುತ್ತದೆ. ಆ ವಾರಗಳಲ್ಲಿ ಸಮುದ್ರದ ಮೇಲ್ಮೈಯ ಉಷ್ಣತೆಯೊಡನೆ ಹೋಲಿಸಿ ಸ್ಥಾನವನ್ನು ತಿದ್ದಿಕೊಳ್ಳಬೇಕಾಗುತ್ತದೆ.